ಹುಲ್ಲಿನ ಕಾವಲು

‘ಹುಲ್ಲುಗಾವಲು’ ಎಂಬ ಮಾತು ಕನ್ನಡಿಗರೆಲ್ಲರಿಗೂ ಪರಿಚಿತವಾದುದು. ಹುಲ್ಲು ಎಂಬುದರ ಮುಂದೆ ಕಾವಲು ಎಂಬುದು ಸೇರಿ, ಕಕಾರಕ್ಕೆ ಗಕಾರ ಆದೇಶವಾಗಿ ಬಂದ ಈ ಸಮಾಸವನ್ನು ಶಾಲೆಗಳಲ್ಲಿ ಸಂಧಿಯ ಉದಾಹರಣೆಗೆಂದು ಬಿಡಿಸಿ ಹೇಳುವುದುಂಟು. ಬಿಡಿಸಿದ ಮೇಲೆ ಉಳಿಯುವ ‘ಕಾವಲು’ ಅಲ್ಲಿಗೇಕೆ ಬಂದಿತೆಂದು ಕೇಳುವವರು ಮಾತ್ರ ವಿರಳ. ಹುಲ್ಲು ತಾನಾಗಿ ಹುಟ್ಟುವ ವಸ್ತು. ಅದನ್ನು ಕಾಯುವುದೇನು ಬಂತು? ಆದರೂ ನಮ್ಮ ಹಿರಿಯರು ಮೇವಿನ ನೆಲಕ್ಕೆ ಹೆಸರಿಡುವಾಗ ಕಾಯುವಿಕೆಯನ್ನು ಹೆಸರಿನಲ್ಲಿಯೇ ಸೇರಿಸಿದರು. ಕಾಯದಿದ್ದ ಹುಲ್ಲು ಉಳಿಯದೆಂಬುದು ಅವರ ಅನುಭವವಾಗಿತ್ತು. ಯಾರು ಕಾದರು, ಹೇಗೆ ಕಾದರು, ಆ ಕಾವಲು ಯಾವಾಗ ಕೈತಪ್ಪಿತು ಎಂಬುದನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯನ್ನು ಮುಂದಿಟ್ಟುಕೊಂಡು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಶಿರಸಿಯಿಂದ ಹುಬ್ಬಳ್ಳಿಯ ಕಡೆಗೆ ಹೊರಟವರಿಗೆ ಎಕ್ಕಂಬಿ ಸಿಗುತ್ತದೆ. ಈ ಊರಿನ ಸುತ್ತಣ ನೆಲವನ್ನು ನೋಡಿದರೆ ಎರಡು ಸೀಮೆಗಳು ಒಂದರೊಳಗೊಂದು ಕಲೆಯುವುದು ಕಣ್ಣಿಗೆ ಕಾಣುತ್ತದೆ. ಪಡುವಣಕ್ಕೆ ಘಟ್ಟದಂಚಿನ ದಟ್ಟ ಕಾನು, ಅದರ ಕಣಿವೆಗಳಲ್ಲಿ ಅಡಕೆಯ ತೋಟ. ಮೂಡಣಕ್ಕೆ ಹೋದಂತೆ ಮಳೆ ಇಳಿಯುತ್ತದೆ, ಎಲೆ ಉದುರಿಸುವ ಕಾಡು ಬರುತ್ತದೆ, ಕೆರೆಯ ಕೆಳಗಿನ ಬತ್ತದ ಗದ್ದೆಗಳು ಹರಡುತ್ತವೆ, ಆಮೇಲೆ ಬಯಲುಸೀಮೆ. ಪಡುವಣದವನಿಗೆ ದನ ಬೇಕಾದುದು ಮುಖ್ಯವಾಗಿ ಗೊಬ್ಬರಕ್ಕೆ. ಮೂಡಣದವನಿಗೆ ಉಳುಮೆಗೆ, ಗಾಡಿಗೆ. ಬೇಕಾದ ಬಗೆ ಬೇರೆಯಾದರೂ ಬೇಕಾದ ಹುಲ್ಲು ಒಂದೇ.

ಈ ಸೀಮೆಯವರು ಊರ ನೆಲವನ್ನೆಲ್ಲ ‘ಕಾಡು’ ಎಂಬ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದವರಲ್ಲ. ಸದಾ ಹಸುರಾಗಿ ನೆರಳು ತುಂಬಿದ್ದು ಕಾನು. ತೋಟಕ್ಕೆ ಸೊಪ್ಪು ಕಡಿಯುವ, ದರಕು ಗುಡಿಸುವ ಇಳಿಜಾರು ಬೆಟ್ಟ. ಅಲ್ಲೊಂದು ಇಲ್ಲೊಂದು ಮರವಿದ್ದು ಹುಲ್ಲಿಗೆಂದೇ ಬಿಟ್ಟ ಗುಡ್ಡದ ಮೈ ಬೇಣ. ಇವೆಲ್ಲಕ್ಕೂ ಸೇರದ ಬಯಲು ತುಣುಕು ಹಕ್ಕಲು. ಮೈಸೂರು ಸೀಮೆಯ ಗೋಮಾಳ ಎಂಬ ಮಾತು ಇತ್ತ ಕಡೆಗೆ ಬಂದದ್ದು ಈಚೆಗೆ. (ಇಂದಿನ ಹುಡುಗರನ್ನು ಗೋಮಾಳವೆಂದರೇನೆಂದು ಕೇಳಿದರೆ ‘ಸೈಟು ಹಂಚುವ ಜಾಗ’ ಎನ್ನುತ್ತಾರೆ. ಆ ಉತ್ತರಕ್ಕೆ ಅಂಕ ಕಳೆಯುವುದೂ ಕಷ್ಟವೇ.)

ಬೇಣದ ವರ್ಷವು ಮಳೆಯೊಂದಿಗೆ ಮೊದಲಾಗುತ್ತದೆ. ಮುಂಗಾರು ಬೀಳುವ ಹೊತ್ತಿಗೆ ಬೇಣದ ಬೇಲಿಯನ್ನು ಸರಿಮಾಡಿ, ದಣಪೆ ಹಾಕಿ, ದನವನ್ನು ಹೊರಗಿಡುತ್ತಿದ್ದರು. ಮಳೆಗಾಲವೆಲ್ಲ ಹುಲ್ಲು ಎದ್ದು ಬೆಳೆದು, ದೀಪಾವಳಿಯ ಆಚೀಚೆಗೆ ತೆನೆಯಾಗಿ, ಬೀಜ ಉದುರಿ, ಹೊಂಬಣ್ಣಕ್ಕೆ ತಿರುಗುವುದು. ಒಣಗಿದ ಆ ಉದ್ದ ಹುಲ್ಲಿಗೆ ಕರಡವೆಂದು ಹೆಸರು. ಕರಡ ಕೊಯ್ದು, ಹೊರೆ ಕಟ್ಟಿ, ಬಣವೆ ಒಟ್ಟಿದ ಮೇಲೆ ದಣಪೆ ತೆಗೆದು ದನವನ್ನು ಬಿಡುವುದು. ಬೇಸಗೆಯಲ್ಲಿ ಮೇಯುವ ದನಕ್ಕೆ ಸಿಗುವುದು ಕೂಳೆ ಮಾತ್ರ. ಆದರೆ ಆ ಹೊತ್ತಿಗೆ ಹುಲ್ಲಿನ ಬುಡ ನಿದ್ರೆಯಲ್ಲಿರುವುದರಿಂದ ಮೇದರೂ ಅದಕ್ಕೆ ಹೆಚ್ಚಿನ ಕೇಡಿಲ್ಲ.

ಇದರೊಳಗಿನ ವಿವೇಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹುಲ್ಲು ಮರದಂತೆ ತುದಿಯಿಂದ ಬೆಳೆಯುವುದಿಲ್ಲ. ಬುಡದ ಗಂಟಿನಿಂದ ಚಿಗುರುತ್ತದೆ. ಆದುದರಿಂದಲೇ ದನ ತುದಿಯನ್ನು ಕಿತ್ತರೂ ಅದು ಸಾಯದು. ಆದರೆ ಮೊದಲ ಮಳೆಗೆ ಹೊರಡುವ ಚಿಗುರು ಹೊಸದಾಗಿ ಆಹಾರ ಕೂಡಿಸಿಕೊಂಡದ್ದಲ್ಲ. ಹಿಂದಿನ ವರ್ಷ ಬೇರಿನಲ್ಲಿ ಕೂಡಿಟ್ಟ ಗಂಟನ್ನು ಖರ್ಚುಮಾಡಿಕೊಂಡು ಬಂದದ್ದು. ಅದು ನಾಲ್ಕು ಎಲೆ ಬಿಚ್ಚಿ ಬೇರಿಗೆ ಸಾಲ ತೀರಿಸುವುದರೊಳಗೆ ದನ ಬಾಯಿ ಹಾಕಿದರೆ ಮತ್ತೊಮ್ಮೆ ಸಾಲ ಮಾಡಿ ಚಿಗುರಬೇಕು. ವರ್ಷವರ್ಷವೂ ಹೀಗಾದರೆ ಬೇರು ಮೋಟಾಗುತ್ತದೆ, ಬುಡ ಸಡಿಲವಾಗುತ್ತದೆ. ದನಕ್ಕೆ ರುಚಿಸುವ ಹುಲ್ಲು ಮೊದಲು ಅಳಿದು, ದನ ಮೂಸಿ ಬಿಡುವ ಗಿಡ ಆ ಜಾಗಕ್ಕೆ ಬರುತ್ತದೆ. ಮೇಯಿಸಿದ್ದರಿಂದ ಹುಲ್ಲು ಹಾಳಾಯಿತೆನ್ನುವುದು ಅರ್ಧ ಸತ್ಯ. ಮೇಯಬಾರದ ಎರಡು ಮೂರು ತಿಂಗಳಲ್ಲಿ ಮೇಯಿಸಿದ್ದರಿಂದ ಹಾಳಾಯಿತೆನ್ನುವುದು ಹೆಚ್ಚು ಸರಿ. ಬೇಣದ ದಣಪೆ ಕಾದದ್ದು ಆ ತಿಂಗಳುಗಳನ್ನು.

ಮಳೆಗಾಲದಲ್ಲಿ ದನ ಎಲ್ಲಿಗೆ ಹೋಗುತ್ತಿತ್ತು? ಕೆಲವು ಕೊಟ್ಟಿಗೆಯಲ್ಲಿ ನಿಂತು ಕೊಯ್ದು ತಂದ ಹಸಿಹುಲ್ಲು ತಿನ್ನುತ್ತಿದ್ದುವು. ಹೆಚ್ಚಿನವು ಹಕ್ಕಲಿಗೆ, ಕಾಡಿಗೆ ಹೋಗುತ್ತಿದ್ದುವು. ಸುಗ್ಗಿ ಮುಗಿದ ಮೇಲೆ ಕೊಯ್ದ ಗದ್ದೆಯ ಬಯಲು ಊರ ದನಕ್ಕೆಲ್ಲ ತೆರೆದಿರುತ್ತಿತ್ತು. ಹೀಗೆ ಒಂದೊಂದು ನೆಲಕ್ಕೆ ಒಂದೊಂದು ಕಾಲದಲ್ಲಿ ಬಿಡುವು ಸಿಗುತ್ತಿತ್ತು. ಈ ಸೀಮೆಯ ಮಲೆನಾಡು ಗಿಡ್ಡ ತಳಿಯ ದನವೂ ಇದಕ್ಕೆ ಒಪ್ಪುವಂಥದೇ: ಮೈ ಚಿಕ್ಕದು, ಹಾಲು ಸ್ವಲ್ಪ, ಆದರೆ ಇಳಿಜಾರಿನಲ್ಲಿ ಹತ್ತಿ ಇಳಿದು, ಜಡಿಮಳೆಯಲ್ಲಿ ನೆನೆದು, ಸಿಕ್ಕಿದ್ದನ್ನು ತಿಂದು ಸಂಜೆಗೆ ತಾನೇ ಮನೆಗೆ ಬರುತ್ತದೆ. ರಾತ್ರಿ ಅದು ಮಲಗುವ ಕೊಟ್ಟಿಗೆಗೆ ಬೆಟ್ಟದ ಸೊಪ್ಪು, ದರಕು ಹಾಸು, ಅದೇ ಗೊಬ್ಬರ, ಆ ಗೊಬ್ಬರದಿಂದಲೇ ಅಡಕೆ. ಪೇಟೆಯ ಜನ ತಟ್ಟೆಯಲ್ಲಿಟ್ಟುಕೊಳ್ಳುವ ಶಿರಸಿಯ ಅಡಕೆಯ ಹಿಂದೆ ಬೇಣದ ಹುಲ್ಲಿದೆಯೆಂಬುದು ಸುಲಭವಾಗಿ ತೋರದು.

ದನವೇ ಐಶ್ವರ್ಯವಾಗಿದ್ದ ಕಾಲಕ್ಕೆ ಈ ಸೀಮೆಯಲ್ಲಿ ಕಲ್ಲಿನ ಸಾಕ್ಷಿಯೇ ಇದೆ. ಬನವಾಸಿ, ಹಾನಗಲ್ಲು, ಸೊರಬಗಳ ಸುತ್ತ ಕೆರೆಯ ಏರಿಯ ಮೇಲೆ, ಗುಡಿಯ ಮುಂದೆ ನಿಂತಿರುವ ವೀರಗಲ್ಲುಗಳಲ್ಲಿ ಎಷ್ಟೋ ಕಲ್ಲುಗಳು ತುರುಗೋಳಿನವು. ತುರುವೆಂದರೆ ಹಳಗನ್ನಡದಲ್ಲಿ ದನ. ತುರುಗೋಳೆಂದರೆ ದನದ ಮಂದೆಯನ್ನು ಸೂರೆಗೊಳ್ಳುವುದು. ಮಂದೆಯನ್ನು ಮರಳಿ ತರಲು ಹೋಗಿ ಮಡಿದವನ ಮನೆಯವರು ಕಲ್ಲು ನಿಲ್ಲಿಸಿದರು. ಕೆಳಗಿನ ಪಟ್ಟಿಕೆಯಲ್ಲಿ ಸಾಲಾಗಿ ನಿಂತ ದನ, ನಡುವೆ ಬಿಲ್ಲು ಹಿಡಿದ ವೀರ, ಮೇಲೆ ಅಪ್ಸರೆಯರು ಅವನನ್ನು ಕರೆದೊಯ್ಯುವುದು: ಈ ಮೂರನ್ನು ಕಂಡವರಿಗೆ ಮಂದೆಯೆಂಬುದು ಊರಿನ ಉಳಿವಿನ ಪ್ರಶ್ನೆಯಾಗಿತ್ತೆಂದು ಬೇರೆ ಹೇಳಬೇಕಾಗಿಲ್ಲ. ದನಕ್ಕಾಗಿ ಪ್ರಾಣ ಕೊಟ್ಟವರು ದನ ಮೇಯುವ ನೆಲವನ್ನು ಹೇಳುವವರು ಕೇಳುವವರಿಲ್ಲದೆ ಬಿಟ್ಟಿರಲಾರರು.

ಊರೊಟ್ಟಿನ ಮೇವಿನ ನೆಲವೆಂದರೆ ಹೇಗೂ ಹಾಳಾಗುವ ನೆಲ, ಏಕೆಂದರೆ ಪ್ರತಿಯೊಬ್ಬನೂ ಇನ್ನೊಂದು ದನವನ್ನು ಹೆಚ್ಚಿಗೆ ಬಿಡುತ್ತಾನೆ ಎಂದು ಅಮೆರಿಕದ ಗ್ಯಾರೆಟ್ ಹಾರ್ಡಿನ್ ಎಂಬ ವಿಜ್ಞಾನಿ ೧೯೬೮ರಲ್ಲಿ ವಾದಿಸಿದನು. ಆ ವಾದ ಬಹಳ ಪ್ರಸಿದ್ಧವಾಯಿತು. ಅದಕ್ಕೆ ಉತ್ತರವೆಂಬಂತೆ ಎಲಿನರ್ ಆಸ್ಟ್ರಂ ಎಂಬ ಮಹಿಳೆ ಹಲವು ದೇಶಗಳ ಊರೊಟ್ಟಿನ ನೆಲ, ನೀರು, ಕಾಡುಗಳ ಕಟ್ಟಳೆಗಳನ್ನು ಪರಿಶೀಲಿಸಿ, ಜನ ತಾವೇ ಗೊತ್ತುಮಾಡಿಕೊಂಡ ನಿಯಮವಿದ್ದಲ್ಲಿ ಇವು ಶತಮಾನಗಟ್ಟಲೆ ಉಳಿದಿವೆಯೆಂದು ತೋರಿಸಿದರು; ೨೦೦೯ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು. ಅವರು ಎತ್ತಿಕೊಂಡ ಉದಾಹರಣೆಗಳಲ್ಲಿ ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಗುಡ್ಡದ ಹಳ್ಳಿಯದು ಒಂದು. ಚಳಿಗಾಲದಲ್ಲಿ ತನ್ನ ಮನೆಯ ಮೇವಿನಿಂದ ಎಷ್ಟು ದನ ಸಾಕಬಲ್ಲನೋ ಅಷ್ಟನ್ನೇ ಬೇಸಗೆಯಲ್ಲಿ ಊರೊಟ್ಟಿನ ಗುಡ್ಡಕ್ಕೆ ಬಿಡತಕ್ಕದ್ದು ಎಂದು ಅಲ್ಲಿಯವರು ೧೫೧೭ರಲ್ಲಿಯೇ ಕಟ್ಟಳೆ ಮಾಡಿದ್ದರು. ನಮ್ಮಲ್ಲಿ ಅಂಥ ಬರವಣಿಗೆ ಬೇಕಾಗಲಿಲ್ಲ. ಕರಡದ ಬಣವೆಯೇ ಅಳತೆಗೋಲಾಗಿತ್ತು. ಬಣವೆ ತಾಳುವಷ್ಟೇ ದನ ಕೊಟ್ಟಿಗೆಯಲ್ಲಿ ಉಳಿಯುತ್ತಿತ್ತು.

ಈ ಏರ್ಪಾಡಿನ ಮೇಲೆ ಕಚೇರಿಯ ಕೈ ಬಂದುದು ಕ್ರಮಕ್ರಮವಾಗಿ. ೧೭೯೯ರಲ್ಲಿ ಟಿಪ್ಪೂ ಸುಲ್ತಾನನು ಮಡಿದ ಮೇಲೆ ಕೆನರಾ ಸೀಮೆ ಕುಂಪಣಿಯ ವಶವಾಯಿತು. ೧೮೦೧ರಲ್ಲಿ ಫ್ರಾನ್ಸಿಸ್ ಬುಕಾನನ್ ಯಲ್ಲಾಪುರ, ಸೋಂದೆ, ಶಿರಸಿ, ಬನವಾಸಿಗಳ ಮಾರ್ಗವಾಗಿ ಸಂಚರಿಸಿ ಕಂಡದ್ದನ್ನು ಬರೆದಿಟ್ಟನು. ಅದಕ್ಕೂ ಮೊದಲು ಕಾರವಾರದ ಕಡೆ, ಕಾಡು ಊರ ದೇವರದು, ಗೌಡನ ಅಪ್ಪಣೆಯಿಲ್ಲದೆ ಮರ ಕಡಿಯಕೂಡದು ಎಂದು ಜನ ಅವನಿಗೆ ಹೇಳಿದರು. ಸರ್ಕಾರದ ಹಕ್ಕನ್ನು ತಪ್ಪಿಸುವ ಉಪಾಯವಿದೆಂದು ಆತ ಬಗೆದನು. ಊರಿನ ಕಟ್ಟಳೆಯೊಂದು ಹೊರಗಿನವನಿಗೆ ನೆಪವಾಗಿ ಕಂಡ ಆ ಕ್ಷಣದಲ್ಲಿ ಮುಂದಿನ ನೂರು ವರ್ಷದ ಕಥೆ ಅಡಗಿದೆ.

೧೮೬೨ರಲ್ಲಿ ಉತ್ತರ ಕೆನರಾ ಮದ್ರಾಸಿನಿಂದ ಮುಂಬಯಿ ಇಲಾಖೆಗೆ ಸೇರಿತು. ೧೮೬೫ರಲ್ಲಿ ಒಂದು, ೧೮೭೮ರಲ್ಲಿ ಅದಕ್ಕಿಂತ ಬಿಗಿಯಾದ ಮತ್ತೊಂದು ಅರಣ್ಯ ಕಾಯಿದೆ ಬಂದುವು. ಸರ್ಕಾರದ ಕಣ್ಣು ಇದ್ದದ್ದು ತೇಗದ ಮೇಲೆ. ಮರ ಕಡಿದ ಪಾತಿಯಲ್ಲಿ ಸಸಿ ಏಳಲೆಂದು ಅದನ್ನು ದನಕ್ಕೆ ಮುಚ್ಚಿದರು. ಗುಡ್ಡಕ್ಕೆ ಬೆಂಕಿ ಹಾಕುವುದನ್ನು ನಿಷೇಧಿಸಿದರು. ಉಳಿದ ಕಾಡಿನಲ್ಲಿ ಮೇಯಿಸಲು ತಲೆಯೊಂದಕ್ಕೆ ಇಷ್ಟೆಂದು ಶುಲ್ಕ ಗೊತ್ತುಮಾಡಿದರು. ಮೇವಿಗೆ ಕೊಡುವ ಈ ತೆರಿಗೆಗೆ ಮುಂಬಯಿ ಕರ್ನಾಟಕದಲ್ಲಿ ಹುಲ್ಲುಬನ್ನಿ ಎಂದು ಹೆಸರು. ಮುಚ್ಚಿದ ಕಾಡಿಗೆ ನುಗ್ಗಿದ ದನ ಕೊಂಡವಾಡಕ್ಕೆ ಹೋಗುತ್ತಿತ್ತು. ೧೮೭೧ರ ಕಾಯಿದೆಯಂತೆ ದಂಡ ಕೊಟ್ಟು ಬಿಡಿಸಿಕೊಂಡು ಬರಬೇಕು.

ಇವುಗಳಲ್ಲಿ ಎಲ್ಲವೂ ಅನ್ಯಾಯವೆಂದು ಹೇಳುವುದು ಸರಿಯಲ್ಲ. ಪ್ರತಿವರ್ಷವೂ ಗುಡ್ಡಕ್ಕೆ ಬೆಂಕಿಯಿಡುವುದರಿಂದ ನಾಲ್ಕು ದಿನ ಎಳೆಯ ಚಿಗುರು ಸಿಕ್ಕರೂ ಬೋಳು ಮಣ್ಣು ಮೊದಲ ಮಳೆಗೆ ಕೊಚ್ಚಿಹೋಗುತ್ತದೆ; ಅದನ್ನು ತಡೆದದ್ದು ಒಳ್ಳೆಯದೇ. ದೋಷವಿದ್ದುದು ಲೆಕ್ಕದ ರೀತಿಯಲ್ಲಿ. ಊರು ಲೆಕ್ಕ ಹಾಕುತ್ತಿದ್ದುದು ಕಾಲವನ್ನು: ಯಾವ ನೆಲ ಯಾವ ತಿಂಗಳು ಬಿಡುವಿನಲ್ಲಿರಬೇಕೆಂದು. ಕಚೇರಿ ಲೆಕ್ಕ ಹಾಕಿದ್ದು ತಲೆಯನ್ನು, ತಲೆಗೆ ಬರುವ ಆಣೆಯನ್ನು. ಕಚೇರಿ ಕಾಲವನ್ನು ಲೆಕ್ಕಿಸಿ ನೆಲವನ್ನು ಮುಚ್ಚಿದ್ದೂ ಉಂಟು, ಆದರೆ ಅದು ಮರದ ಸಸಿಗಾಗಿ, ಹುಲ್ಲಿಗಾಗಿ ಅಲ್ಲ. ಹಣ ಕೊಟ್ಟವನ ದನ ಆಷಾಢದಲ್ಲಿ ಎಳೆ ಹುಲ್ಲನ್ನು ಮೇದರೂ ತೆರೆದ ಕಾಡಿನಲ್ಲಿ ತಪ್ಪಿಲ್ಲ. ಹಣ ಕೊಡದವನ ದನ ಮಾಘದಲ್ಲಿ ಒಣ ಕೂಳೆಯನ್ನು ಮೇದರೂ ತಪ್ಪು. ಒಂದು ಕಾಡನ್ನು ಮುಚ್ಚಿದಷ್ಟೂ ಅಲ್ಲಿಯ ದನ ತೆರೆದ ಕಾಡಿನ ಮೇಲೆ ಬೀಳುತ್ತಿತ್ತು.

ಅಡಕೆಯ ತೋಟದವರಿಗೆ ಮಾತ್ರ ಒಂದು ರಿಯಾಯಿತಿ ಸಿಕ್ಕಿತು. ೧೮೬೭ರ ಆಜ್ಞೆಯಿಂದ ತೋಟಕ್ಕೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಟ್ಟರು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ. ಈ ಬೆಟ್ಟಗಳಿಂದ ಸೊಪ್ಪು, ದರಕು, ಹುಲ್ಲು ಮೂರೂ ಬಂದುವು. ಮರ ಮಾತ್ರ ಸರ್ಕಾರದ್ದು. ತೋಟವಿದ್ದವನು ಉಳಿದನು. ತೋಟವಿಲ್ಲದೆ ಎರಡು ಎಮ್ಮೆ, ನಾಲ್ಕು ಆಕಳು ಇಟ್ಟುಕೊಂಡವನಿಗೆ ಬೆಟ್ಟವೂ ಇಲ್ಲ, ಬೇಣವೂ ಇಲ್ಲ. ಅವನಿಗೆ ಹುಲ್ಲುಬನ್ನಿ ಮತ್ತು ಕೊಂಡವಾಡ. ನಮ್ಮ ಸೀಮೆಯ ಬೆಟ್ಟದ ಹಕ್ಕಿನ ಚರಿತ್ರೆಯನ್ನು ಹೊಗಳಿ ಬರೆಯುವವರು ಈ ಮಾತನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಇಂಥವರ ಪೈಕಿ ಯಲ್ಲಾಪುರ, ಮುಂಡಗೋಡ, ಹಳಿಯಾಳದ ಕಾಡುಗಳಲ್ಲಿ ಎಮ್ಮೆ ಕಟ್ಟಿಕೊಂಡು ಬಾಳಿದ ಗೌಳಿಗಳನ್ನು ನೆನೆಯಬೇಕು. ಇವರ ಪೂರ್ವಿಕರು ಮಹಾರಾಷ್ಟ್ರದ ಸಹ್ಯಾದ್ರಿಯ ಎತ್ತರದ ಪ್ರದೇಶಗಳಿಂದ ತೆಂಕಣಕ್ಕೆ ಇಳಿದುಬಂದವರು. ಮಾಧವ ಗಾಡ್ಗೀಳ್ ಮತ್ತು ಕೈಲಾಸ ಮಲ್ಹೋತ್ರಾ ಈ ಧನಗರ ಗೌಳಿಗಳ ಬಾಳುವೆಯನ್ನು ಅಭ್ಯಾಸಮಾಡಿ ೧೯೮೨ರಲ್ಲಿ ಪ್ರಕಟಿಸಿದರು. ಗುಡ್ಡದ ಮೇಲ್ಭಾಗ ಗೌಳಿಯದು, ಕೆಳಗಿನ ಕಣಿವೆ ಕುಣಬಿಯದು ಎಂಬಂತೆ ಒಬ್ಬರ ನೆಲಕ್ಕೆ ಇನ್ನೊಬ್ಬರು ಕೈ ಹಾಕದ ಹಂಚಿಕೆ ಇತ್ತೆಂಬುದು ಅವರು ಕಂಡ ಮುಖ್ಯ ಸಂಗತಿ. ಬರವಣಿಗೆಯಿಲ್ಲದ ಕಾವಲು ಎಂದರೆ ಇದು.

ಜನರೇನೂ ಸುಮ್ಮನಿರಲಿಲ್ಲ. ೧೮೮೦ರ ದಶಕದಲ್ಲಿ ಈ ಜಿಲ್ಲೆಯವರು ‘ವನದುಃಖ ನಿವಾರಣೀ ಸಭೆ’ ಎಂದು ಒಂದು ಸಭೆಯನ್ನೇ ಕಟ್ಟಿ ಅರ್ಜಿಗಳನ್ನು ಬರೆದರು. ಆ ಹೆಸರಿಗೆ ಟೀಕೆ ಬೇಕಾಗಿಲ್ಲ. ೧೯೩೦ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಮೇಲೆ ಘಟ್ಟದ ಮೇಲಿನ ಸಿದ್ದಾಪುರ, ಶಿರಸಿಗಳಲ್ಲಿ ಕರನಿರಾಕರಣೆಯ ಚಳವಳಿ ಹಬ್ಬಿತು. ಅರಣ್ಯ ಸತ್ಯಾಗ್ರಹ, ಹುಲ್ಲುಬನ್ನಿಯನ್ನು ಕೊಡದಿರುವುದು ಮುಂಬಯಿ ಕರ್ನಾಟಕದ ಹಳ್ಳಿಗಳಲ್ಲಿ ಆ ಹೋರಾಟದ ಅಂಗಗಳಾದುವು. ಉಪ್ಪಿನ ಮೇಲಿನ ತೆರಿಗೆ ಎಷ್ಟು ಮನೆಗೆ ತಟ್ಟಿತ್ತೋ ಹುಲ್ಲಿನ ಮೇಲಿನದೂ ನಮ್ಮಲ್ಲಿ ಅಷ್ಟೇ ಮನೆಗೆ ತಟ್ಟಿತ್ತು.

ಸರ್ಕಾರದ ಒಳಗೂ ಇದನ್ನು ಕಂಡವರಿದ್ದರು. ಕಾಲಿನ್ಸ್ ಎಂಬ ಅಧಿಕಾರಿ ಕರಾವಳಿಯ ತಾಲೂಕುಗಳನ್ನು ಪರಿಶೀಲಿಸಿ, ಊರ ಸಮೀಪದ ಕಾಡನ್ನು ಜನರ ಉಪಯೋಗಕ್ಕೆಂದು ಬೇರ್ಪಡಿಸಬೇಕೆಂದು ೧೯೨೧ರ ವರದಿಯಲ್ಲಿ ಸೂಚಿಸಿದನು. ಅದರ ಫಲವಾಗಿ ಕುಮಟೆಯ ಕಡೆ ಹಳಕಾರ, ಚಿತ್ರಗಿ, ಕಲ್ಲಬ್ಬೆಗಳಲ್ಲಿ ಗ್ರಾಮಾರಣ್ಯ ಪಂಚಾಯತಿಗಳು ಹುಟ್ಟಿದುವು. ಊರವರೇ ಕಾವಲುಗಾರನನ್ನಿಟ್ಟು, ಯಾರು ಏನನ್ನು ಯಾವಾಗ ತರಬಹುದೆಂದು ಗೊತ್ತುಮಾಡಿದರು. ೧೯೭೯ರಲ್ಲಿ ಸರ್ಕಾರ ಈ ಪಂಚಾಯತಿಗಳನ್ನು ವಿಸರ್ಜಿಸಹೊರಟಾಗ ಹಳಕಾರದವರು ನ್ಯಾಯಾಲಯದ ಮೊರೆಹೊಕ್ಕು ತಮ್ಮ ಕಾಡನ್ನು ಉಳಿಸಿಕೊಂಡರು. ಆದರೆ ಇದು ಘಟ್ಟದ ಕೆಳಗಿನ ಮಾತು. ಮೇಲೆ ಇಂಥದು ಬೇರೂರಲಿಲ್ಲ.

ಸರ್ಕಾರದ ಕೈಯಲ್ಲಿದ್ದ ಮೇವಿನ ನೆಲವೆಲ್ಲ ಕೆಡಲೇಬೇಕೆಂಬ ನಿಯಮವೇನೂ ಇಲ್ಲವೆಂಬುದಕ್ಕೆ ಮೈಸೂರಿನ ಅಮೃತಮಹಲ್ ಕಾವಲುಗಳು ದೃಷ್ಟಾಂತ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಹೈದರನ ಕಾಲದಲ್ಲಿ ದಂಡಿಗೆ ಎತ್ತು ಒದಗಿಸುವ ಶಾಲೆಯಾಗಿ, ಟಿಪ್ಪುವಿನಿಂದ ಅಮೃತಮಹಲೆಂಬ ಹೆಸರು ಪಡೆಯಿತು. ಅದರ ಕಾವಲುಗಳಲ್ಲಿ ಮಳೆಗಾಲದವು, ಚಳಿಗಾಲದವು, ಬೇಸಗೆಯವು ಎಂದು ಮೂರು ಬಗೆ. ಕೆರೆಯಂಗಳ, ನೀರಿನ ಆಸರೆ, ಮರದ ನೆರಳು ಇದ್ದವನ್ನು ಬೇಸಗೆಗೆಂದು ಮುಟ್ಟದೆ ಇಡುತ್ತಿದ್ದರು. ಮಂದೆ ಕಾಲಕ್ಕೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ನಡೆಯುತ್ತಿತ್ತು. ಹಣ ಉಳಿಸುವ ಲೆಕ್ಕದಲ್ಲಿ ೧೮೬೦ರಲ್ಲಿ ಮಂದೆಯನ್ನು ಮಾರಿಬಿಟ್ಟರು. ಆಗ ಒಂದು ಪಾಲನ್ನು ಈಜಿಪ್ತಿನ ಪಾಷಾ ಕೊಂಡನು. ದಂಡಿಗೆ ಒಳ್ಳೆಯ ಎತ್ತು ಸಿಗದೆ ಹೋದಾಗ ೧೮೬೬ರಲ್ಲಿ ಮತ್ತೆ ಮಂದೆ ಕಟ್ಟಿದರು. ಅಲ್ಲಿಯೂ ಯಜಮಾನ ಸರ್ಕಾರವೇ. ಆದರೆ ಅದಕ್ಕೆ ಬೇಕಾದುದು ಎತ್ತಾಗಿದ್ದುದರಿಂದ ಕಾದದ್ದು ಹುಲ್ಲನ್ನು. ಇತ್ತೀಚೆಗೆ ಆ ಕಾವಲುಗಳಿಗೂ ಕುತ್ತು ಬಂದಿದೆ. ಚಳ್ಳಕೆರೆಯ ಬಳಿ ಸುಮಾರು ೧೦,೦೦೦ ಎಕರೆ ಕಾವಲು ೨೦೦೮ರಿಂದೀಚೆಗೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಯಿತು.

ಮತ್ತೆ ಎಕ್ಕಂಬಿಯ ಸೀಮೆಗೆ ಬರೋಣ. ೧೯೫೬ರಲ್ಲಿ ಈ ಜಿಲ್ಲೆ ಕನ್ನಡನಾಡಿಗೆ ಸೇರಿತು. ೧೯೬೩ರಲ್ಲಿ ಹೊಸ ಅರಣ್ಯ ಕಾಯಿದೆಯಾಯಿತು. ನೂರು ದನಕ್ಕೆ ೧೨ ಹೆಕ್ಟೇರಿನಂತೆ ಉಚಿತ ಮೇವಿನ ನೆಲ ಬಿಡಬೇಕೆಂದು ೧೯೬೬ರ ಭೂಕಂದಾಯ ನಿಯಮ ಹೇಳುತ್ತದೆ. ತಲೆಯೆಣಿಕೆಯ ಹಳೆಯ ಲೆಕ್ಕ ಇಲ್ಲಿಯೂ ಮುಂದುವರಿದದ್ದನ್ನು ಗಮನಿಸಬೇಕು. ಆ ೧೨ ಹೆಕ್ಟೇರನ್ನು ಯಾವ ತಿಂಗಳು ಮುಚ್ಚಬೇಕೆಂಬ ಮಾತು ಅದರಲ್ಲಿಲ್ಲ. ೧೯೮೦ರ ದಶಕದಿಂದೀಚೆಗೆ ಬೋಳು ಗುಡ್ಡ, ಬೇಣಗಳಲ್ಲಿ ಅಕೇಶಿಯಾ ನೆಡುವ ಕೆಲಸ ನಡೆಯಿತು. ಹುಲ್ಲು ಬೆಳೆಯುವ ನೆಲ ಕಚೇರಿಯ ಕಡತದಲ್ಲಿ ‘ಪಾಳು’ ಎಂದು ಬರೆದದ್ದರ ಪರಿಣಾಮವಿದು. ಅಕೇಶಿಯಾದ ಎಲೆ ಬೇಗ ಕೊಳೆಯದು. ಅದು ಒತ್ತಾಗಿ ಬಿದ್ದಲ್ಲಿ ಹುಲ್ಲು ಏಳದು. ನೆಡದೆ ಉಳಿದ ಕಡೆಗೆ ಅಮೆರಿಕ ಖಂಡದಿಂದ ಬಂದ ಯುಪಟೋರಿಯಂ ಗಿಡ ಹಬ್ಬಿದೆ. ಅದನ್ನು ದನ ಮುಟ್ಟುವುದಿಲ್ಲ. ಹುಲ್ಲಿನ ಬುಡ ಸೋತ ನೆಲವೆಲ್ಲ ಅದಕ್ಕೆ ತೆರೆದ ಬಾಗಿಲು.

ಬೇಣ ಹೋದ ಮೇಲೆ ದನ ಬೇಸಗೆಯಲ್ಲಿ ಎಲ್ಲಿಗೆ ಹೋಗಬೇಕು? ಹಳ್ಳದಂಚಿಗೆ, ಹೊಳೆಯಂಚಿಗೆ. ವರದೆ ಬನವಾಸಿಯನ್ನು ಮೂರು ಕಡೆಯಿಂದ ಬಳಸಿ ಹರಿಯುವಾಗ ಅದರ ದಂಡೆಯ ಮೆಕ್ಕಲಿನಲ್ಲಿ ಚೈತ್ರದಲ್ಲಿಯೂ ಹಸುರಿರುತ್ತದೆ. ಅಮೃತಮಹಲಿನವರು ಬೇಸಗೆಗೆಂದು ಎತ್ತಿಟ್ಟದ್ದು ಇಂಥ ನೆಲವನ್ನೇ; ಆದರೆ ವರ್ಷದ ಉಳಿದ ಕಾಲ ಅದಕ್ಕೆ ಬಿಡುವಿತ್ತು. ಈಗ ಮಳೆ ಬಿಟ್ಟಂದಿನಿಂದ ಮತ್ತೆ ಮಳೆ ಬರುವತನಕ ಗೊರಸು ತುಳಿಯುತ್ತಲೇ ಇದ್ದರೆ ಹಸಿ ದಂಡೆ ಕುಸಿಯುತ್ತದೆ; ಹೊಳೆಮತ್ತಿ, ನೇರಳೆ, ಹೊಂಗೆಗಳ ಸಸಿ ಮೇಲೇಳುವುದಿಲ್ಲ; ಹಳೆಯ ಮರ ಬಿದ್ದರೆ ಆ ಜಾಗಕ್ಕೆ ಹೊಸದು ಬರುವುದಿಲ್ಲ. ಮಳೆಗಾಲದ ಪ್ರವಾಹ ಸಡಿಲವಾದ ಆ ಮಣ್ಣನ್ನು ಒಯ್ಯುತ್ತದೆ. ದಂಡೆಗೆ ಬೇಲಿ ಹಾಕಿ ನೀರಿಗಿಳಿಯಲು ಒಂದೆರಡು ದಾರಿ ಬಿಟ್ಟು, ಎರಡು ಮಳೆಗಾಲ ಕಾದರೆ ಹುಲ್ಲೂ ಸಸಿಯೂ ಮರಳುತ್ತವೆ. ಖರ್ಚು ಹೆಚ್ಚಿನದಲ್ಲ. ಆದರೆ ಹೊಳೆಯಂಚು ಯಾರ ಲೆಕ್ಕದಲ್ಲಿಯೂ ಇಲ್ಲ, ಆದುದರಿಂದ ಬೇಲಿ ಹಾಕುವವರೂ ಇಲ್ಲ.

ಇತ್ತ ಕೊಟ್ಟಿಗೆಗಳೂ ಖಾಲಿಯಾಗುತ್ತಿವೆ. ಗೊಬ್ಬರ ಲಾರಿಯಲ್ಲಿ ಬಯಲುಸೀಮೆಯಿಂದ ಬರುತ್ತದೆ, ಹಾಲು ಪೊಟ್ಟಣದಲ್ಲಿ ಬರುತ್ತದೆ. ದನ ಕಡಿಮೆಯಾದರೆ ಹುಲ್ಲಿಗೆ ಬಿಡುವು ಸಿಕ್ಕೀತೆಂದು ಎಣಿಸುವವರುಂಟು. ಆದರೆ ಕೊಯ್ಯದ, ಮೇಯದ ಬೇಣದಲ್ಲಿ ಹುಲ್ಲು ಉಳಿಯುವುದಿಲ್ಲ, ಪೊದೆ ಬರುತ್ತದೆ. ದನ ಬಿಟ್ಟವರ ಬೇಣ ಒಂದೋ ಯುಪಟೋರಿಯಮ್ಮಿಗೆ, ಇಲ್ಲವೇ ಹೊಸ ಅಡಕೆ ಸಸಿಗೆ ಹೋಗುತ್ತಿದೆ. ಆ ಹೊಸ ತೋಟಕ್ಕೆ ಸೊಪ್ಪಿನ ಬೆಟ್ಟವೆಲ್ಲಿಂದ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ.

೨೦೦೬ರಲ್ಲಿ ಸಂಸತ್ತು ಅಂಗೀಕರಿಸಿದ ಅರಣ್ಯಹಕ್ಕು ಕಾಯಿದೆಯ ಮೂರನೆಯ ಕಲಮಿನಲ್ಲಿ ಊರೊಟ್ಟಿನ ಹಕ್ಕುಗಳ ಪಟ್ಟಿಯಿದೆ. ನೆಲೆನಿಂತವರು ಮೇಯಿಸುವ ಹಕ್ಕು, ಊರೂರು ತಿರುಗುವ ದನಗಾಹಿಗಳು ಕ್ಲುಪ್ತಕಾಲದಲ್ಲಿ ಬಂದು ಮೇಯಿಸಿಕೊಂಡು ಹೋಗುವ ಹಕ್ಕು ಎರಡೂ ಅದರಲ್ಲಿ ಸ್ಪಷ್ಟವಾಗಿ ನಮೂದಾಗಿವೆ. ಕಾಡನ್ನು ಊರವರೇ ಕಾಯುವ ಅಧಿಕಾರಕ್ಕೂ ಅಲ್ಲಿ ಎಡೆಯಿದೆ. ಊರಿನ ಗ್ರಾಮಸಭೆ ಕೂಡಿ ಅರ್ಜಿ ಹಾಕಬೇಕು. ನಮ್ಮ ಜಿಲ್ಲೆಯಿಂದ ಅರ್ಜಿಗಳು ಸಾವಿರಗಟ್ಟಲೆ ಹೋಗಿವೆ. ಅವುಗಳಲ್ಲಿ ಬಹುಪಾಲು ಒಬ್ಬೊಬ್ಬರು ತಾವು ಉಳುವ ತುಂಡಿಗಾಗಿ, ಕಟ್ಟಿದ ಮನೆಗಾಗಿ ಹಾಕಿದವು.